ಜೂಜಿನ ಯೋಚನೆ ತಲೆಗೆ ಬಂದಾಗ: ‘ನನ್ನ ಕೈಲಿಲ್ಲ’ ಅನ್ನುವ ನಂಬಿಕೆಯನ್ನು ಪರೀಕ್ಷಿಸುವುದು ಹೇಗೆ?

ಜೂಜು ಬಿಡಬೇಕು ಅಂದುಕೊಂಡವರಿಗೆ ಸಿಗುವ ಬುದ್ಧಿಮಾತು ಹೆಚ್ಚಾಗಿ ಲೆಕ್ಕದ್ದು. ‘ಕೊನೆಗೆ ಗೆಲ್ಲುವುದು ಆಡಿಸುವವನೇ’ ಅನ್ನುತ್ತಾರೆ. ಅದು ನಿಜವೇ. ತಿರುಗುವ ಚಕ್ರದ ಯಾವ ಮನೆಯಲ್ಲಿ ಚೆಂಡು ನಿಲ್ಲುತ್ತದೆ ಅಂತ ದುಡ್ಡು ಕಟ್ಟುವ ಆಟ ರೂಲೆಟ್. ಅದರ ಯುರೋಪಿಯನ್ ಚಕ್ರದಲ್ಲಿ 37 ಮನೆಗಳಿವೆ. ಒಂದು ನಂಬರಿಗೆ ಕಟ್ಟಿ ಗೆದ್ದರೆ ಕೊಡುವುದು 35 ಪಟ್ಟು. ಹಾಗಾಗಿ ಕಟ್ಟಿದ ಪ್ರತಿ 100ರಲ್ಲಿ ಸರಾಸರಿ 2.7 ಆಡಿಸುವವನ ಜೇಬಿಗೆ ಹೋಗುತ್ತದೆ. 1913ರಲ್ಲಿ ಮಾಂಟೆ ಕಾರ್ಲೋ ಕ್ಯಾಸಿನೊದಲ್ಲಿ ಚೆಂಡು ಸತತ 26 ಸಲ ಕಪ್ಪು ಮನೆಯಲ್ಲೇ ನಿಂತಿತು. ‘ಇಷ್ಟು ಸಲ ಕಪ್ಪು ಬಂದ ಮೇಲೆ ಇನ್ನು ಕೆಂಪೇ ಬರಬೇಕು’ ಅಂತ ಜನ ಕೆಂಪಿನ ಮೇಲೆ ದುಡ್ಡು ಸುರಿದು ಕಳೆದುಕೊಂಡರು. ಚಕ್ರಕ್ಕೆ ಹಿಂದಿನ ಸುತ್ತು ನೆನಪಿರುವುದಿಲ್ಲ.

ಇದೆಲ್ಲ ಬಾಯಿಪಾಠ ಇರುವವರೂ ಆಡುತ್ತಾರೆ. ಸಂಭವನೀಯತೆಯ ಲೆಕ್ಕ ನಿಮಗಿಂತ ಚೆನ್ನಾಗಿ ಬಲ್ಲವರು ಕೂಡ ರಾತ್ರಿ ಮೊಬೈಲ್ ಹಿಡಿದು ಕೂರುತ್ತಾರೆ. ಗೊತ್ತಿದ್ದೂ ಕೈ ಯಾಕೆ ಅಲ್ಲಿಗೇ ಹೋಗುತ್ತದೆ?

ಇದಕ್ಕೆ ಒಂದು ಮುಖ್ಯ ಕಾರಣ ಇನ್ನೊಂದು ಬಗೆಯ ನಂಬಿಕೆ. ‘ಈ ಸಲ ಬಂದೇ ಬರುತ್ತೆ’ ಅನ್ನುವುದು ಆಟದ ಬಗ್ಗೆ ಇರುವ ನಂಬಿಕೆ. ‘ಆಡಬೇಕು ಅನ್ನುವ ಯೋಚನೆ ಒಮ್ಮೆ ತಲೆಗೆ ಹೊಕ್ಕರೆ ಮುಗೀತು, ನನ್ನ ಕೈಲಿಲ್ಲ’ ಅನ್ನುವುದು ನಮ್ಮ ಯೋಚನೆಯ ಬಗ್ಗೆಯೇ ಇರುವ ನಂಬಿಕೆ. ಮೊದಲನೆಯದನ್ನು ಲೆಕ್ಕ ತೋರಿಸಿ ಅಲುಗಾಡಿಸಬಹುದು. ಎರಡನೆಯದಕ್ಕೆ ಲೆಕ್ಕ ತಾಗುವುದೇ ಇಲ್ಲ. ಅದನ್ನು ಮಾಡಿ ನೋಡಿಯೇ ತಿಳಿಯಬೇಕು. ಹೇಗೆ ಅಂತ ಹೇಳುವುದೇ ಈ ಲೇಖನದ ಕೆಲಸ.

ಯೋಚನೆಯ ಬಗೆಗಿನ ಯೋಚನೆಗೆ ಮನಶ್ಶಾಸ್ತ್ರದಲ್ಲಿ ಮೆಟಾಕಾಗ್ನಿಷನ್ ಅನ್ನುತ್ತಾರೆ. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಫ್ಲೇವೆಲ್ ಈ ಹೆಸರನ್ನು ಬಳಕೆಗೆ ತಂದರು. ಅವರ ಗಮನ ಇದ್ದದ್ದು ಮಕ್ಕಳ ಕಲಿಕೆಯ ಮೇಲೆ. 1990ರ ದಶಕದಲ್ಲಿ ಏಡ್ರಿಯನ್ ವೆಲ್ಸ್ ಮತ್ತು ಜೆರಾಲ್ಡ್ ಮ್ಯಾಥ್ಯೂಸ್ ಇದನ್ನು ಆತಂಕ, ಖಿನ್ನತೆಗಳ ಕಡೆಗೆ ತಿರುಗಿಸಿದರು. ಕೆಟ್ಟ ಯೋಚನೆ ಎಲ್ಲರಿಗೂ ಬರುತ್ತದೆ, ಅದು ಬಂದ ಮೇಲೆ ನಾವು ಏನು ಮಾಡುತ್ತೇವೆ ಅನ್ನುವುದರಲ್ಲಿ ತೊಂದರೆ ಬೆಳೆಯುತ್ತದೆ ಅನ್ನುವುದು ಅವರ ವಾದ. ಮಾರ್ಕಾಂಟೋನಿಯೊ ಸ್ಪಾಡಾ, ಗೇಬ್ರಿಯೆಲೆ ಕಸೆಲ್ಲಿ ಮೊದಲಾದವರು ಇದೇ ದಾರಿಯಲ್ಲಿ ಕುಡಿತ, ಜೂಜಿನಂಥ ಚಟಗಳನ್ನು ಪರಿಶೀಲಿಸಿದರು. ಜೂಜಿನ ಸಮಸ್ಯೆ ಇರುವವರ ಬಗ್ಗೆ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡು ನಂಬಿಕೆಗಳು ಎದ್ದು ಕಂಡವು. ಒಂದು, ‘ನನ್ನ ಯೋಚನೆಗಳು ಹತೋಟಿಗೆ ಸಿಗುವುದಿಲ್ಲ, ಅವು ಅಪಾಯಕಾರಿ’. ಇನ್ನೊಂದು, ‘ಯೋಚನೆಗಳನ್ನು ನಾನು ಸದಾ ಹತೋಟಿಯಲ್ಲಿ ಇಟ್ಟುಕೊಳ್ಳಲೇಬೇಕು’. ಆತಂಕ ಮತ್ತು ಖಿನ್ನತೆಯ ಪ್ರಭಾವವನ್ನು ಬದಿಗಿಟ್ಟು ನೋಡಿದರೂ ಜೂಜಿನ ತೀವ್ರತೆಗೂ ಈ ಎರಡಕ್ಕೂ ನಂಟು ಉಳಿದಿತ್ತು. ನಂಟು ಇದೆ ಅಂದ ಮಾತ್ರಕ್ಕೆ ನಂಬಿಕೆಯೇ ಜೂಜಿಗೆ ಕಾರಣ ಅಂತ ಸಾಬೀತಾಗುವುದಿಲ್ಲ. ಜೂಜು ಆಡಿ ಆಡಿ ಸೋತವರಿಗೆ ‘ನನ್ನ ಕೈಲಿಲ್ಲ’ ಅನ್ನಿಸುವುದು ಸಹಜವೇ. ಬಹುಶಃ ಎರಡೂ ಒಂದನ್ನೊಂದು ಬೆಳೆಸುತ್ತವೆ. ಬಿಡಲು ಹೊರಟವರಿಗೆ ಅಷ್ಟು ಸಾಕು. ಯಾವ ತುದಿ ಹಿಡಿದು ಎಳೆದರೂ ಗಂಟು ಸಡಿಲವಾಗುತ್ತದೆ.

ಶುರು ಮಾಡುವ ಮುಂಚೆ

ಡಿಎಸ್‌ಎಂ-5 ಅನ್ನುವ ಮನೋವೈದ್ಯರ ಕೈಪಿಡಿ 2013ರಲ್ಲಿ ಜೂಜಿನ ಸಮಸ್ಯೆಯನ್ನು ಮದ್ಯ, ಮಾದಕ ವಸ್ತುಗಳ ಚಟದ ಸಾಲಿಗೆ ಸೇರಿಸಿತು. ಅದರಲ್ಲಿ ಒಂಬತ್ತು ಲಕ್ಷಣಗಳಿವೆ. ಮೊದಲಿನಷ್ಟೇ ಮಜಾ ಸಿಗಲು ಜಾಸ್ತಿ ಜಾಸ್ತಿ ದುಡ್ಡು ಕಟ್ಟುವುದು, ಕಡಿಮೆ ಮಾಡಲು ಹೋದರೆ ಚಡಪಡಿಸುವುದು, ಹೋದ ದುಡ್ಡು ವಾಪಸ್ ತೆಗೆಯಲು ಮರುದಿನ ಮತ್ತೆ ಹೋಗುವುದು, ಮನೆಯವರ ಹತ್ತಿರ ಸುಳ್ಳು ಹೇಳುವುದು, ಸಾಲ ತೀರಿಸಲು ಬೇರೆಯವರ ಮುಂದೆ ಕೈಚಾಚುವುದು, ಹೀಗೆ. ಹನ್ನೆರಡು ತಿಂಗಳಲ್ಲಿ ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಲಕ್ಷಣ ಕಂಡರೆ ವೈದ್ಯರು ಅದನ್ನು ಕಾಯಿಲೆ ಅಂತಲೇ ಪರಿಗಣಿಸುತ್ತಾರೆ. ನೀವು ಆ ಹಂತದಲ್ಲಿದ್ದರೆ ಇಲ್ಲಿ ಹೇಳುವುದನ್ನು ಒಬ್ಬ ಮನಶ್ಶಾಸ್ತ್ರಜ್ಞರ ಜೊತೆಗೂಡಿ ಮಾಡಿ. ಒಬ್ಬರೇ ಹೊರಬೇಕಾದ ಭಾರ ಅಲ್ಲ ಅದು.

ಸಾಲದ ಒತ್ತಡದಲ್ಲಿ ಬದುಕೇ ಬೇಡ ಅನ್ನಿಸುತ್ತಿದ್ದರೆ ದಯವಿಟ್ಟು ಓದುವುದನ್ನು ಇಲ್ಲಿಗೇ ನಿಲ್ಲಿಸಿ. ಹತ್ತಿರದ ಒಬ್ಬರಿಗೆ ಈಗಲೇ ಹೇಳಿ. ಆಸ್ಪತ್ರೆಗೆ ಹೋಗಿ, ಇಲ್ಲವೇ ನೀವಿರುವ ಕಡೆಯ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ. ಜೂಜಿನ ತೊಂದರೆಯಲ್ಲಿರುವವರಿಗೆ ಇಂಥ ಯೋಚನೆ ಬರುವುದು ಅಪರೂಪವಲ್ಲ. ಸಾಲಕ್ಕೆ ದಾರಿ ಇದೆ. ಅದನ್ನು ಹುಡುಕಲು ನೀವು ಉಳಿಯಬೇಕು.

ದುಡ್ಡಿನ ಬಾಗಿಲು ಹಾಕುವ ಕೆಲಸವನ್ನೂ ಮೊದಲೇ ಮಾಡಿ. ಆ್ಯಪ್ ತೆಗೆಯಿರಿ. ಬ್ಲಾಕ್ ಮಾಡುವ ಸಾಫ್ಟ್‌ವೇರ್ ಹಾಕಿಸಿ. ನನ್ನನ್ನು ಒಳಗೆ ಬಿಡಬೇಡಿ ಅಂತ ಹೆಸರು ಬರೆಸುವ ಸೌಲಭ್ಯ ಇದ್ದರೆ ಬರೆಸಿ. ಕೆಲವು ದಿನ ಕಾರ್ಡನ್ನು ನಂಬಿಕಸ್ತರ ಕೈಗೆ ಕೊಡಿ. ಹೀಗೆ ಮಾಡಿದರೆ ‘ನನಗೆ ಹತೋಟಿ ಇಲ್ಲ’ ಅನ್ನುವ ನಂಬಿಕೆಯೇ ಗಟ್ಟಿಯಾಗುವುದಿಲ್ಲವೇ ಅಂತ ಕೇಳಬಹುದು. ಬಾಗಿಲು ಹಾಕಿ ಸುಮ್ನೆ ಕೂತರೆ ಆಗಬಹುದು. ಯೋಚನೆಗೂ ಆಟಕ್ಕೂ ನಡುವೆ ಒಂದಿಷ್ಟು ಹೊತ್ತು ಗಳಿಸಿಕೊಡುವುದು ಬಾಗಿಲಿನ ಉಪಯೋಗ. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಮುಂದಿದೆ.

ಹಂತ 1: ಯೋಚನೆಯಿಂದ ಆಟದವರೆಗಿನ ದಾರಿಯನ್ನು ಬರೆದುಕೊಳ್ಳಿ

ಒಂದು ನೋಟ್ ಬುಕ್ ಇಟ್ಟುಕೊಳ್ಳಿ. ಕೊನೆಯ ಸಲ ಆಡಿದ್ದನ್ನೋ, ಆಡುವುದಕ್ಕೆ ತೀರಾ ಹತ್ತಿರ ಹೋಗಿ ನಿಂತದ್ದನ್ನೋ ತೆಗೆದುಕೊಂಡು ಗಡಿಯಾರ ಹಿಡಿದ ಹಾಗೆ ಬರೆಯಿರಿ. ಇಂಥ ಒಂದು ಪುಟ ಹೀಗಿರಬಹುದು:

*ರಾತ್ರಿ 10.40. ಮೊಬೈಲಿಗೆ ನೋಟಿಫಿಕೇಶನ್ ಬಂತು. ‘ಇವತ್ತು ಒಳ್ಳೆ ಮ್ಯಾಚ್ ಇದೆ’ ಅನ್ನಿಸಿತು.*
*10.45. ಯಾವ ತಂಡದ ಮೇಲೆ ಕಟ್ಟಬಹುದು ಅಂತ ಲೆಕ್ಕ ಹಾಕಿದೆ. ಕಟ್ಟುವುದಿಲ್ಲ, ಸುಮ್ನೆ ಲೆಕ್ಕ ಅಂದುಕೊಂಡೆ.*
*10.55. ಗೆದ್ದರೆ ಯಾವ ಸಾಲ ತೀರಿಸಬಹುದು ಅಂತ ಮನಸ್ಸಿನಲ್ಲೇ ನೋಡಿದೆ. ಖಾತೆಯಲ್ಲಿ ದುಡ್ಡು ಬಂದು ಬಿದ್ದಂತೆ ಕಂಡಿತು.*
*11.05. ‘ಬೇಡ, ಯೋಚನೆನೇ ಮಾಡಬಾರದು’ ಅಂತ ಮೊಬೈಲ್ ಕವುಚಿ ಇಟ್ಟೆ. ಎದೆ ಬಿಗಿ ಹಿಡಿಯಿತು.*
*11.15. ‘ತಲೆಯಿಂದ ಹೋಗ್ತಾ ಇಲ್ಲ. ಆಡದೆ ನಿದ್ದೆ ಬರಲ್ಲ. ಇದು ನನ್ನ ಕೈಲಿಲ್ಲ.’*
*11.20. ಆ್ಯಪ್ ತೆರೆದೆ.*

ಈ ಪುಟವನ್ನು ನಿಧಾನವಾಗಿ ಓದಿ. ಮೊದಲ ಯೋಚನೆ ಬಂದು ಹೋಗಲು ಒಂದು ಸೆಕೆಂಡೂ ಬೇಕಾಗಿಲ್ಲ. ಅದು ತಾನಾಗಿ ಬಂತು, ಅದಕ್ಕೆ ಯಾರೂ ಹೊಣೆಯಲ್ಲ. ಉಳಿದ ನಲವತ್ತು ನಿಮಿಷ ನಡೆದದ್ದು ಬೇರೆ ಬೇರೆ ಕೆಲಸ: ಲೆಕ್ಕ ಹಾಕಿದ್ದು, ಚಿತ್ರ ಬಿಡಿಸಿಕೊಂಡದ್ದು, ತಳ್ಳಿದ್ದು, ತನ್ನ ಬಗ್ಗೆ ತಾನೇ ತೀರ್ಪು ಕೊಟ್ಟದ್ದು. ಆಡುವವರನ್ನು ಕೇಳಿದರೆ ‘ಯೋಚನೆ ಬಂತು, ಆಡಿಬಿಟ್ಟೆ’ ಅನ್ನುತ್ತಾರೆ. ನಡುವಿನ ನಲವತ್ತು ನಿಮಿಷ ಅವರ ನೆನಪಿನಲ್ಲಿ ಇರುವುದೇ ಇಲ್ಲ. ಬರೆದರೆ ಅದು ಕಾಣುತ್ತದೆ. ಇಡೀ ಲೇಖನದಲ್ಲಿ ಒಂದೇ ಹಂತ ಮಾಡಲು ಸಾಧ್ಯ ಅನ್ನುವವರು ಇದನ್ನೇ ಮಾಡಿ.

ಹಂತ 2: ಪುಟದಲ್ಲಿ ಅಡಗಿರುವ ನಂಬಿಕೆಗಳನ್ನು ಹೆಕ್ಕಿ

ಒಂದೊಂದು ಸಾಲಿನ ಪಕ್ಕದಲ್ಲೂ ‘ಆಗ ನನ್ನ ಯೋಚನೆಯ ಬಗ್ಗೆ ನಾನು ಏನು ನಂಬಿದ್ದೆ?’ ಅಂತ ಕೇಳಿಕೊಳ್ಳಿ. ಸ್ಪಾಡಾ, ಕಸೆಲ್ಲಿ ಮತ್ತು ವೆಲ್ಸ್ ಚಟದ ವರ್ತನೆಯನ್ನು ಮೂರು ಘಟ್ಟವಾಗಿ ವಿಂಗಡಿಸಿದ್ದಾರೆ: ಶುರುವಾಗುವ ಮುಂಚೆ, ನಡೆಯುವಾಗ, ಮುಗಿದ ಮೇಲೆ. ಒಂದೊಂದು ಘಟ್ಟದಲ್ಲಿ ಒಂದೊಂದು ಬಗೆಯ ನಂಬಿಕೆ ಕೆಲಸ ಮಾಡುತ್ತದೆ.

ಆಡುವ ಮುಂಚೆ ಮುಂದೆ ನಿಲ್ಲುವುದು ಲಾಭದ ನಂಬಿಕೆ. ‘ಆಡಿದರೆ ತಲೆ ಹಗುರಾಗುತ್ತೆ.’ ‘ಇದೊಂದೇ ನನ್ನ ಚಿಂತೆ ಮರೆಸುವುದು.’ ‘ಸುಮ್ನೆ ಯೋಚಿಸಿದರೆ ತೊಂದರೆ ಏನಿಲ್ಲ, ಆಸೆ ತಣಿಯುತ್ತೆ.’ ಕೊನೆಯದು ಮೋಸದ ನಂಬಿಕೆ. ಮೇಲಿನ ಪುಟದ 10.45ರ ಸಾಲಿನಲ್ಲಿ ಇರುವುದು ಅದೇ.

ಆಡುವಾಗ ಗಮನವೆಲ್ಲ ಆಟದೊಳಗೆ ಇಳಿಯುತ್ತದೆ. ಹೊಟ್ಟೆ ಹಸಿದದ್ದು, ಹೊತ್ತು ಮೀರಿದ್ದು, ಇಷ್ಟೇ ಅಂತ ಹಾಕಿಕೊಂಡ ಮಿತಿ ದಾಟಿದ್ದು ಗೊತ್ತಾಗುವುದಿಲ್ಲ. ನಿಲ್ಲಿಸು ಅಂತ ಒಳಗಿನಿಂದ ಒಂದು ದನಿ ಬಂದರೂ ‘ಈಗ ನಿಲ್ಲಿಸೋಕೆ ನನ್ನಿಂದ ಆಗಲ್ಲ’ ಅನ್ನುವ ನಂಬಿಕೆ ಅದನ್ನು ಅಲ್ಲೇ ಅಡಗಿಸುತ್ತದೆ. ಪ್ರಯತ್ನ ಮಾಡಿ ಸೋತದ್ದಲ್ಲ ಇದು. ಆಗುವುದಿಲ್ಲ ಅಂತ ಮೊದಲೇ ಒಪ್ಪಿಕೊಂಡದ್ದರಿಂದ ಪ್ರಯತ್ನವೇ ನಡೆಯುವುದಿಲ್ಲ.

ಆಡಿದ ಮೇಲೆ ಬರುವುದು ಕೊರಗು. ‘ಎಲ್ಲಿ ತಪ್ಪಿದೆ ಅಂತ ಯೋಚಿಸಿದರೆ ಮುಂದೆ ಸರಿಮಾಡಬಹುದು.’ ‘ಇಂಥ ಯೋಚನೆ ಬರುವ ನಾನು ಕೆಟ್ಟವನು.’ ಈ ಕೊರಗು ಮನಸ್ಸನ್ನು ಕುಗ್ಗಿಸುತ್ತದೆ. ಕುಗ್ಗಿದ ಮನಸ್ಸು ಮತ್ತೆ ಹಗುರಾಗುವ ದಾರಿ ಹುಡುಕುತ್ತದೆ. ಆಗ ನೆನಪಾಗುವುದು ಮೊದಲ ನಂಬಿಕೆಯೇ.

ಹೆಕ್ಕಿದ ಒಂದೊಂದು ನಂಬಿಕೆಗೂ 100ಕ್ಕೆ ಎಷ್ಟು ನಂಬುತ್ತೀರಿ ಅಂತ ನಂಬರ್ ಹಾಕಿ. ‘ನನ್ನ ಕೈಲಿಲ್ಲ’ ಅನ್ನುವುದಕ್ಕೆ 90 ಅಂತ ಬಂದರೆ ಬರಲಿ. ಪ್ರಾಮಾಣಿಕವಾಗಿ ಹಾಕಿ.

ಹಂತ 3: ತಳ್ಳುವುದನ್ನು ಬಿಡಿ

‘ಅದರ ಬಗ್ಗೆ ಯೋಚನೆನೇ ಮಾಡಬಾರದು’ ಅನ್ನುವುದು ಬಿಡಲು ಹೊರಟವರೆಲ್ಲ ಮೊದಲು ಹಿಡಿಯುವ ದಾರಿ. ಅದು ಕೆಲಸ ಮಾಡುವುದಿಲ್ಲ. 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಜೊತೆಯವರು ಒಂದು ಪ್ರಯೋಗ ಮಾಡಿದರು. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಅದು ನೆನಪಾದಾಗಲೆಲ್ಲ ಗಂಟೆ ಬಾರಿಸಿ ಅಂತ ಹೇಳಿ ಐದು ನಿಮಿಷ ಕೂರಿಸಿದರು. ಗಂಟೆ ಬಡಿಯುತ್ತಲೇ ಇತ್ತು. ಆಮೇಲೆ ಯೋಚಿಸಬಹುದು ಅಂದಾಗ, ಮೊದಲಿನಿಂದಲೇ ಯೋಚಿಸಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ನೆನಪಾಯಿತು.

ಜೂಜಿನ ಯೋಚನೆಯನ್ನು ತಳ್ಳಿದಾಗಲೂ ಆಗುವುದು ಇಷ್ಟೇ. ಆದರೆ ಇಲ್ಲಿ ಪೆಟ್ಟು ದೊಡ್ಡದು. ತಳ್ಳಿದ ಯೋಚನೆ ತಿರುಗಿ ಬರುತ್ತದೆ. ಬಂದದ್ದನ್ನು ನೋಡಿ ‘ಅಷ್ಟು ಗಟ್ಟಿಯಾಗಿ ತಳ್ಳಿದರೂ ಹೋಗಲಿಲ್ಲ, ನಿಜಕ್ಕೂ ನನ್ನ ಕೈಲಿಲ್ಲ’ ಅಂದುಕೊಳ್ಳುತ್ತೀರಿ. ಸೋತದ್ದು ತಳ್ಳುವ ಉಪಾಯ. ಅಪವಾದ ಮಾತ್ರ ನಿಮ್ಮ ಮೇಲೆ.

ಹಾಗಾದರೆ ಏನು ಮಾಡಬೇಕು? ಯೋಚನೆ ಬಂದಾಗ ಮನಸ್ಸಿನಲ್ಲೇ ‘ಜೂಜಿನ ಯೋಚನೆ ಬಂತು’ ಅಂತ ಒಮ್ಮೆ ಹೇಳಿಕೊಳ್ಳಿ. ಅಲ್ಲಿಗೆ ಬಿಡಿ. ಅದರ ಜೊತೆ ವಾದಕ್ಕೆ ಇಳಿಯಬೇಡಿ. ಅದು ಸರಿಯೋ ತಪ್ಪೋ ಅಂತ ತೂಗಬೇಡಿ. ಓಡಿಸಲೂ ಬೇಡಿ. ಮಾಡುತ್ತಿದ್ದ ಕೆಲಸ ಮುಂದುವರಿಸಿ. ಯೋಚನೆ ಹಿಂದೆ ಎಲ್ಲೋ ಇದ್ದರೆ ಇರಲಿ. ಅದು ಹೋಯಿತಾ ಅಂತ ಪದೇ ಪದೇ ತಿರುಗಿ ನೋಡುವುದು ಕೂಡ ಒಂದು ಬಗೆಯ ತಳ್ಳುವಿಕೆಯೇ. ಶುರುವಿನಲ್ಲಿ ಇದು ಏನೂ ಮಾಡದೆ ಕೂತ ಹಾಗೆ ಅನ್ನಿಸುತ್ತದೆ, ಅಲ್ವಾ? ಬಹಳ ವರ್ಷ ಯೋಚನೆಯ ಜೊತೆ ಕುಸ್ತಿ ಮಾಡಿದವರಿಗೆ ಸುಮ್ಮನಿರುವುದೇ ಕಷ್ಟದ ಕೆಲಸ. ಆಟಕ್ಕೆ ಸಂಬಂಧವೇ ಇಲ್ಲದ ಸಣ್ಣ ಯೋಚನೆಗಳ ಮೇಲೆ ಮೊದಲು ಅಭ್ಯಾಸ ಮಾಡಿ. ಯಾರೋ ಆಡಿದ ಒಂದು ಮಾತು, ನಾಳೆಯ ಒಂದು ಕೆಲಸ, ಹೀಗೆ.

ಹಂತ 4: ಆಸೆಯ ಯೋಚನೆಯನ್ನು ಗುರುತಿಸಿ

ಕಸೆಲ್ಲಿ ಮತ್ತು ಸ್ಪಾಡಾ ಇನ್ನೊಂದು ವಿಷಯದ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಬೇಕಾದದ್ದರ ಬಗ್ಗೆ ಬೇಕಂತಲೇ ಯೋಚಿಸುತ್ತಾ ಹೋಗುವುದು. ಇದಕ್ಕೆ ಎರಡು ಮುಖ. ಒಂದು ಚಿತ್ರ: ಗೆದ್ದ ಹಾಗೆ, ಪರದೆ ಮಿನುಗಿದ ಹಾಗೆ, ಮನೆಯವರ ಮುಂದೆ ದುಡ್ಡು ಇಟ್ಟ ಹಾಗೆ ಕಾಣುವುದು. ಇನ್ನೊಂದು ಮಾತು: ‘ಇವತ್ತು ಒಂದೇ ಸಲ’, ‘ಕಷ್ಟಪಟ್ಟು ದುಡಿದಿದ್ದೀನಿ, ಇಷ್ಟು ಬೇಡವಾ’, ‘ಮಧ್ಯಾಹ್ನ ಬಿಡುವು ಸಿಕ್ಕರೆ ನೋಡೋಣ’ ಅಂತ ಒಳಗೇ ಮಾತಾಡಿಕೊಳ್ಳುವುದು.

ಇದು ತುರಿಕೆ ಕೆರೆದ ಹಾಗೆ. ಕೆರೆಯುವಾಗ ಹಿತ, ಬಿಟ್ಟ ಮೇಲೆ ಉರಿ, ಉರಿ ತಡೆಯಲಾಗದೆ ಮತ್ತೆ ಕೆರೆತ. ಯೋಚಿಸುತ್ತಾ ಕೂತಷ್ಟೂ ಆಸೆ ಬಲಿಯುತ್ತದೆ. ಬಲಿತ ಆಸೆ ‘ಇದು ತಾನಾಗಿ ಉಕ್ಕಿ ಬಂದದ್ದು, ತಡೆಯಲು ಆಗದು’ ಅನ್ನುವಂತೆ ತೋರುತ್ತದೆ. ಅಷ್ಟು ಬಲಿಯಲು ಎಷ್ಟು ಹೊತ್ತು ಕೆರೆದಿದ್ದೇವೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಹಂತ 3ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸ್ಪಷ್ಟವಾಗಿರಲಿ. ತಾನಾಗಿ ಬಂದ ಯೋಚನೆಯನ್ನು ಇರಲು ಬಿಡಿ. ನೀವಾಗಿ ಮುಂದುವರಿಸುತ್ತಿರುವ ಯೋಚನೆಯನ್ನು ನಿಲ್ಲಿಸಿ. ಎರಡನ್ನೂ ಒಂದೇ ಅಂದುಕೊಂಡರೆ ಎಲ್ಲ ಗೊಂದಲವಾಗುತ್ತದೆ. ‘ನಾನು ಈಗ ಇದಕ್ಕೆ ಇನ್ನೊಂದು ಸಾಲು ಸೇರಿಸುತ್ತಿದ್ದೇನಾ?’ ಅಂತ ಕೇಳಿಕೊಂಡರೆ ಗೊತ್ತಾಗುತ್ತದೆ. ಹೌದು ಅಂದರೆ ಅರ್ಧದಲ್ಲೇ ಬಿಡಿ. ಲೆಕ್ಕ ಮುಗಿಸುವ ಅಗತ್ಯ ಇಲ್ಲ. ಚಿತ್ರ ಪೂರ್ತಿ ಮಾಡುವ ಅಗತ್ಯವೂ ಇಲ್ಲ.

ಹಂತ 5: ಮುಂದಕ್ಕೆ ಹಾಕಿ, ಬರೆದು ನೋಡಿ

‘ನನ್ನ ಕೈಲಿಲ್ಲ’ ಅನ್ನುವ ನಂಬಿಕೆಗೆ ನಿಜವಾದ ಪರೀಕ್ಷೆ ಇಲ್ಲಿದೆ.

ದಿನಕ್ಕೊಂದು ‘ಯೋಚನೆಯ ಹೊತ್ತು’ ಗೊತ್ತು ಮಾಡಿ. ಹದಿನೈದು ನಿಮಿಷ ಸಾಕು. ಮಲಗುವ ಹೊತ್ತಿಗೆ ಹತ್ತಿರ ಬೇಡ. ಆಟ ಆಡುತ್ತಿದ್ದ ಜಾಗ, ಆಟ ಆಡುತ್ತಿದ್ದ ಹೊತ್ತೂ ಬೇಡ. ದಿನದಲ್ಲಿ ಯಾವಾಗ ಜೂಜಿನ ಯೋಚನೆ ಬಂದರೂ ‘ಬಂತು, ಸಂಜೆ ಆರಕ್ಕೆ ನೋಡ್ತೀನಿ’ ಅಂತ ಹೇಳಿ ಬಿಟ್ಟುಬಿಡಿ. ಗಮನ ಇರಲಿ: ಮುಂದಕ್ಕೆ ಹಾಕುತ್ತಿರುವುದು ಯೋಚನೆಯನ್ನು. ಆರು ಗಂಟೆಗೆ ಆಡುತ್ತೇನೆ ಅಂತ ಮಾತು ಕೊಟ್ಟುಕೊಳ್ಳುವುದಲ್ಲ.

ಯೋಚನೆ ಬಂದ ತಕ್ಷಣ ನೋಟ್ ಬುಕ್ಕಿನಲ್ಲಿ ಎರಡು ವಿಷಯ ಬರೆಯಿರಿ. ಈಗ ಆಸೆ 100ಕ್ಕೆ ಎಷ್ಟು? ಏನೂ ಮಾಡದಿದ್ದರೆ ಏನಾಗುತ್ತೆ ಅಂತ ನನ್ನ ಊಹೆ? ‘70. ಆಡದಿದ್ದರೆ ಜಾಸ್ತಿ ಆಗುತ್ತಲೇ ಹೋಗುತ್ತೆ, ತಲೆ ಕೆಡುತ್ತೆ.’ ಹದಿನೈದು ನಿಮಿಷಕ್ಕೆ ಒಮ್ಮೆ, ಅರ್ಧ ಗಂಟೆಗೆ ಒಮ್ಮೆ ಮತ್ತೆ ನಂಬರ್ ಹಾಕಿ. ನಡುವೆ ನಿಮ್ಮ ಕೆಲಸ ನೋಡಿಕೊಳ್ಳಿ. ಬಹಳ ಮಂದಿಗೆ ಕಾಣುವುದು ಹೀಗೆ: ಆಸೆ ಏರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಇಳಿಯುತ್ತದೆ. ಏರುವಾಗ ಇನ್ನೂ ಏರುತ್ತಲೇ ಇರುತ್ತದೆ ಅನ್ನಿಸುವುದು ನಿಜ. ಹಾಗಂತ ಅದು ಕೊನೆಯಿಲ್ಲದೆ ಏರುವುದಿಲ್ಲ. ಇದನ್ನು ಓದಿ ಒಪ್ಪಿಕೊಂಡರೆ ಸಾಲದು. ನಿಮ್ಮದೇ ಕೈಬರಹದಲ್ಲಿ 70, 75, 60, 35 ಅಂತ ಕಂಡಾಗ ಒಳಗೆ ಏನೋ ಸಡಿಲವಾಗುತ್ತದೆ.

ಆರು ಗಂಟೆ ಆದಾಗ ಯೋಚಿಸಬೇಕು ಅನ್ನಿಸದಿದ್ದರೆ ಬಿಡಿ. ಅನ್ನಿಸಿದರೆ ಹದಿನೈದು ನಿಮಿಷ ಕೂತು, ಯಾವ ಯೋಚನೆಗಳು ಬಂದವು, ಅವುಗಳಲ್ಲಿ ಎಷ್ಟನ್ನು ಮುಂದಕ್ಕೆ ಹಾಕಲು ಆಯಿತು ಅನ್ನುವುದನ್ನು ನೋಡಿ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಆ ಹೊತ್ತನ್ನು ಪಂದ್ಯದ ಲೆಕ್ಕ ಹಾಕಲು ಬಳಸಿದರೆ ಅದು ಹಂತ 4ರ ಕೆರೆತವೇ ಆಗುತ್ತದೆ. ಹಾಗಾಗುತ್ತಿದ್ದರೆ ಆ ಹೊತ್ತನ್ನೇ ತೆಗೆದುಹಾಕಿ, ಮುಂದಕ್ಕೆ ಹಾಕುವ ಅಭ್ಯಾಸ ಮಾತ್ರ ಇಟ್ಟುಕೊಳ್ಳಿ.

ಒಂದು ಹಳೆಯ ಸಾಕ್ಷಿಯನ್ನೂ ಹುಡುಕಿ. ಆಡಬೇಕು ಅನ್ನುವ ಯೋಚನೆಯಲ್ಲಿ ಪೂರ್ತಿ ಮುಳುಗಿದ್ದಾಗ ಯಾರೋ ಬಾಗಿಲು ಬಡಿದದ್ದು, ಮಗು ಅತ್ತದ್ದು, ಆಫೀಸಿನಿಂದ ಫೋನ್ ಬಂದದ್ದು ನೆನಪಿದೆಯೇ? ಆಗ ಎದ್ದು ಹೋದಿರಿ. ಯೋಚನೆ ನಿಂತಿತು. ಹತೋಟಿ ಇಲ್ಲದಿದ್ದರೆ ಅದು ಹೇಗೆ ನಿಂತೀತು? ಹತೋಟಿ ಆಗಲೂ ಇತ್ತು. ನೀವು ಅದನ್ನು ನಿಮ್ಮ ಖಾತೆಗೆ ಬರೆದುಕೊಂಡಿರಲಿಲ್ಲ.

ವಾರದ ಕೊನೆಗೆ ಹಂತ 2ರ ನಂಬರಿಗೆ ವಾಪಸ್ ಬನ್ನಿ. 90 ಇದ್ದದ್ದು 75 ಆದರೂ ದೊಡ್ಡದೇ.

ಹಂತ 6: ‘ಆಡಿದರೆ ತಲೆ ಹಗುರ’ ಅನ್ನುವುದನ್ನೂ ಪರೀಕ್ಷಿಸಿ

ಈ ನಂಬಿಕೆ ಪೂರ್ತಿ ಸುಳ್ಳಲ್ಲ. ಆಡುವಾಗ ಚಿಂತೆ ಮರೆಯುತ್ತದೆ. ಅದನ್ನು ಇಲ್ಲ ಅಂತ ವಾದ ಮಾಡುವವರ ಮಾತನ್ನು ಆಡುವವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಕೇಳಬೇಕಾದ ಪ್ರಶ್ನೆ ಎಷ್ಟು ಹೊತ್ತು ಅನ್ನುವುದು. ಹಿಂದಿನ ಒಂದೆರಡು ಸಲದ್ದನ್ನು ನೆನಪು ಮಾಡಿಕೊಂಡು ನಾಲ್ಕು ಹೊತ್ತಿನ ಮನಸ್ಸಿನ ಸ್ಥಿತಿ ಬರೆಯಿರಿ: ಆಡುವ ಮುಂಚೆ, ಆಡುವಾಗ, ನಿಲ್ಲಿಸಿದ ಅರ್ಧ ಗಂಟೆಗೆ, ಮರುದಿನ ಬೆಳಿಗ್ಗೆ. ‘ಹಗುರಾಗುತ್ತೆ’ ಅನ್ನುವ ನೆನಪು ಹೆಚ್ಚಾಗಿ ಎರಡನೆಯ ಹೊತ್ತಿನದು ಮಾತ್ರ. ಪರೀಕ್ಷೆ ಮಾಡಬೇಕು ಅಂತ ಹೊಸದಾಗಿ ಆಡಬೇಡಿ. ಹಳೆಯ ಸಲಗಳೇ ಬೇಕಾದಷ್ಟಿವೆ.

ಹಂತ 7: ಸೋತ ಮೇಲಿನ ಕೊರಗು

ಸೋತ ಆಟವನ್ನು ಮತ್ತೆ ಮತ್ತೆ ತಿರುವಿ ಹಾಕುವುದು ಪಾಠ ಕಲಿತಂತೆ ಕಾಣುತ್ತದೆ. 1983ರಲ್ಲಿ ಥಾಮಸ್ ಗಿಲೊವಿಚ್ ಪಂದ್ಯಗಳ ಮೇಲೆ ಬಾಜಿ ಕಟ್ಟುವವರನ್ನು ಅಧ್ಯಯನ ಮಾಡಿದಾಗ ಕಂಡದ್ದು ಬೇರೆಯೇ. ಗೆಲುವಿಗಿಂತ ಸೋಲಿನ ಬಗ್ಗೆ ಅವರು ಜಾಸ್ತಿ ಹೊತ್ತು ಮಾತಾಡುತ್ತಿದ್ದರು. ಆ ಮಾತಿನ ಕೊನೆಯಲ್ಲಿ ಸೋಲಿಗೊಂದು ನೆಪ ಸಿಗುತ್ತಿತ್ತು. ‘ಆ ಒಂದು ತಪ್ಪು ಆಗದಿದ್ದರೆ ಗೆದ್ದೇಬಿಡುತ್ತಿದ್ದೆ.’ ಅಂದರೆ ಕೊರಗು ಸೋಲನ್ನು ಸ್ವಲ್ಪದರಲ್ಲಿ ತಪ್ಪಿದ ಗೆಲುವನ್ನಾಗಿ ಮಾಡುತ್ತದೆ. ಸ್ವಲ್ಪದರಲ್ಲಿ ತಪ್ಪುವುದಕ್ಕೆ ಬೇರೆಯೇ ಸೆಳೆತ ಇದೆ. ಲ್ಯೂಕ್ ಕ್ಲಾರ್ಕ್ ಮತ್ತು ಜೊತೆಯವರು 2009ರಲ್ಲಿ ಸ್ಲಾಟ್ ಮಷೀನ್ (ತಿರುಗುವ ಚಿತ್ರಗಳು ಹೊಂದಿಕೊಂಡು ನಿಂತರೆ ಗೆಲ್ಲುವ ಯಂತ್ರ) ಮಾದರಿಯ ಆಟ ಆಡಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ಕೂದಲೆಳೆಯಲ್ಲಿ ತಪ್ಪಿದಾಗ, ಗೆದ್ದಾಗ ಚುರುಕಾಗುವ ಭಾಗಗಳೇ ಚುರುಕಾದವು. ಆಡುವವರಿಗೆ ಅದು ಹಿತ ಅನ್ನಿಸಲಿಲ್ಲ, ಆದರೂ ಚಿತ್ರವನ್ನು ತಾವೇ ಆರಿಸಿಕೊಂಡಿದ್ದಾಗ ಇನ್ನೊಮ್ಮೆ ಆಡುವ ಆಸೆ ಜಾಸ್ತಿಯಾಯಿತು.

ಆದ್ದರಿಂದ ಕೊರಗನ್ನೂ ಜೂಜಿನ ಯೋಚನೆ ಅಂತಲೇ ಲೆಕ್ಕ ಹಾಕಿ. ಅದನ್ನೂ ಸಂಜೆಗೆ ಮುಂದಕ್ಕೆ ಹಾಕಿ. ಸೋತದ್ದರ ನಿಜವಾದ ಲೆಕ್ಕ ಬೇಕಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಒಂದು ವರ್ಷ ಕಟ್ಟಿದ್ದು ಮತ್ತು ಬಂದದ್ದನ್ನು ಕೂಡಿಸಿ ನೋಡಿ. ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಮೊತ್ತ ನೋಡಿ ಎದೆ ಒಡೆಯಬಹುದು. ‘ನನಗೆ ಒಳಗಿಂದ ಗೊತ್ತಾಗುತ್ತೆ’ ಅನ್ನುವ ನಂಬಿಕೆ ಇರುವವರಿಗಂತೂ ಇದು ಬೇಕೇ ಬೇಕು. ತನ್ನ ಒಳದನಿಯ ಮೇಲಿನ ಭರವಸೆಯೂ ಯೋಚನೆಯ ಬಗೆಗಿನ ನಂಬಿಕೆಯೇ. ಫಲಿಸಿದ ಊಹೆಗಳು ಮಾತ್ರ ನೆನಪಿನಲ್ಲಿ ಉಳಿದು ಅದನ್ನು ಸಾಕುತ್ತವೆ. ಸ್ಟೇಟ್‌ಮೆಂಟಿನಲ್ಲಿ ಎಲ್ಲ ಊಹೆಗಳೂ ಇರುತ್ತವೆ.

ಹಂತ 8: ಗಮನವನ್ನು ಪಳಗಿಸಿ

ವೆಲ್ಸ್ 1990ರಲ್ಲಿ ಪರಿಚಯಿಸಿದ ಒಂದು ಅಭ್ಯಾಸ ಇದು. ಸುಮಾರು ಹನ್ನೆರಡು ನಿಮಿಷ ಬೇಕು. ಕಣ್ಣು ತೆರೆದು ಒಂದು ಕಡೆ ನೋಟ ನೆಟ್ಟು ಕೂತುಕೊಳ್ಳಿ. ಫ್ಯಾನ್, ರಸ್ತೆಯ ಗಾಡಿ, ಪಕ್ಕದ ಕೋಣೆಯ ಮಾತು, ಹೀಗೆ ಐದಾರು ಸದ್ದುಗಳನ್ನು ಆರಿಸಿಕೊಳ್ಳಿ. ಮೊದಲ ಐದು ನಿಮಿಷ ಒಂದೊಂದು ಸದ್ದಿನ ಮೇಲೆ ಪೂರ್ತಿ ಗಮನ ಇಡಿ. ಮುಂದಿನ ಐದು ನಿಮಿಷ ಒಂದರಿಂದ ಇನ್ನೊಂದಕ್ಕೆ ಬೇಗ ಬೇಗ ಜಿಗಿಯಿರಿ. ಕೊನೆಯ ಎರಡು ನಿಮಿಷ ಎಲ್ಲವನ್ನೂ ಒಟ್ಟಿಗೆ ಕೇಳಿಸಿಕೊಳ್ಳಿ. ನಡುವೆ ಯೋಚನೆ ಬಂದರೆ ಬರಲಿ, ಓಡಿಸಬೇಡಿ. ಇದನ್ನು ಆಸೆ ಉಕ್ಕಿದಾಗ ಮದ್ದಿನ ಹಾಗೆ ಬಳಸಬೇಡಿ. ಮನಸ್ಸು ಶಾಂತವಾಗಿರುವಾಗ ದಿನಾ ಮಾಡಿ. ತಲೆಯಲ್ಲಿ ಏನೇ ಇದ್ದರೂ ಗಮನವನ್ನು ಎಲ್ಲಿಡಬೇಕು ಅಂತ ತೀರ್ಮಾನಿಸುವುದು ನೀವೇ ಅನ್ನುವುದು ಇದರಿಂದ ಅನುಭವಕ್ಕೆ ಬರುತ್ತದೆ.

ಮತ್ತೆ ಆಡಿಬಿಟ್ಟರೆ

ಆಗಬಹುದು. ಆಗ ‘ನೋಡು, ಕೊನೆಗೂ ಸಾಬೀತಾಯ್ತು, ನನ್ನ ಕೈಲಿಲ್ಲ’ ಅನ್ನುವ ಮಾತು ಬಂದೇ ಬರುತ್ತದೆ. ಒಂದು ಸಲ ಜಾರಿದ್ದಕ್ಕಿಂತ ಈ ಮಾತು ಮಾಡುವ ಹಾನಿ ದೊಡ್ಡದು. ‘ಹೇಗಿದ್ದರೂ ಕೆಟ್ಟಿತು’ ಅಂತ ಜನ ಆ ರಾತ್ರಿಯಿಡೀ ಆಡುವುದು ಈ ಮಾತಿನ ಬಲದಿಂದಲೇ. ಮರುದಿನ ಹಂತ 1ರ ಹಾಗೆ ಒಂದು ಪುಟ ಬರೆಯಿರಿ. ಎಷ್ಟು ಯೋಚನೆಗಳು ಬಂದು ಆಟಕ್ಕೆ ಎಳೆಯದೆ ಹೋದವು, ಯಾವುದು ಆಟಕ್ಕೆ ಎಳೆಯಿತು, ಅಲ್ಲಿ ಯಾವ ಸಾಲು ಸೇರಿಸಿದಿರಿ ಅಂತ ನೋಡಿ. ಮನೆಯವರಿಗೆ ಅವತ್ತೇ ಹೇಳಿ.

ಮನೆಯವರಿಗೆ

‘ಅದರ ಬಗ್ಗೆ ಯೋಚನೆನೇ ಮಾಡಬೇಡ’ ಅಂತ ದಯವಿಟ್ಟು ಹೇಳಬೇಡಿ. ಬಿಳಿ ಕರಡಿಯ ಕಥೆ ಅಲ್ಲೂ ನಡೆಯುತ್ತದೆ, ಜೊತೆಗೆ ಯೋಚನೆ ಬಂದದ್ದನ್ನು ಅವರು ಮುಚ್ಚಿಡಲು ಶುರು ಮಾಡುತ್ತಾರೆ. ‘ಇವತ್ತು ಯೋಚನೆ ಬಂತಾ? ಬಂದಾಗ ಏನು ಮಾಡಿದೆ?’ ಅಂತ ಊಟದ ಹೊತ್ತಿನ ಮಾತಿನ ಹಾಗೆ ಕೇಳಿ. ಯೋಚನೆ ಬಂದದ್ದನ್ನು ತಪ್ಪು ಅಂತ ಎಣಿಸಬೇಡಿ. ದುಡ್ಡಿನ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಸಾಲಗಾರರಿಗೆ ನೀವೇ ತೀರಿಸಿ ವಿಷಯ ಮುಚ್ಚಿಹಾಕುವುದು ಬಹಳ ಸಲ ಮುಂದಿನ ಆಟಕ್ಕೆ ದಾರಿಯಾಗುತ್ತದೆ.

ಯಾರನ್ನು ಕಾಣಬೇಕು

ಜೂಜಿನ ಸಮಸ್ಯೆಗೆ ಹೆಚ್ಚು ಪುರಾವೆ ಇರುವ ಮಾತಿನ ಚಿಕಿತ್ಸೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಯೋಚನೆ ಮತ್ತು ವರ್ತನೆ ಎರಡನ್ನೂ ಬದಲಿಸಲು ಕಲಿಸುವ ಚಿಕಿತ್ಸೆ. ಈ ಲೇಖನದ ಹಂತಗಳ ಹಾಗೆ ಯೋಚನೆಯ ಬಗೆಗಿನ ನಂಬಿಕೆಗಳನ್ನೇ ಪರೀಕ್ಷಿಸುವ ಮೆಟಾಕಾಗ್ನಿಟಿವ್ ಥೆರಪಿಗೆ ಆತಂಕ, ಖಿನ್ನತೆಗಳಲ್ಲಿ ಒಳ್ಳೆಯ ಪುರಾವೆ ಇದೆ. ಜೂಜಿನಲ್ಲಿ ಅದರ ಪರೀಕ್ಷೆ ಇನ್ನೂ ಚಿಕ್ಕ ಮಟ್ಟದಲ್ಲಿದೆ. ಇಲ್ಲಿನ ಹಂತಗಳನ್ನು ಮಾಡಿದರೆ ಚಿಕಿತ್ಸೆಯೇ ಬೇಡ ಅಂತ ಅಂದುಕೊಳ್ಳಬೇಡಿ. 1957ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಗ್ಯಾಂಬ್ಲರ್ಸ್ ಅನಾನಿಮಸ್‌ನಂಥ, ಜೂಜು ಬಿಡಲು ಒಬ್ಬರಿಗೊಬ್ಬರು ನೆರವಾಗುವ ಗುಂಪುಗಳಲ್ಲಿ ಜೂಜು ಬಿಡುವ ದಾರಿ ನಡೆದ ಜನ ಸಿಗುತ್ತಾರೆ.

ವೈದ್ಯರಿಗೆ ನೀವು ತೆಗೆದುಕೊಳ್ಳುವ ಔಷಧಿಗಳ ಹೆಸರನ್ನು ತಪ್ಪದೆ ಹೇಳಿ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಥರದ ಮಾತ್ರೆಗಳಿಂದ ಕೆಲವರಲ್ಲಿ ಜೂಜಿನ ಸೆಳೆತ ಹೊಸದಾಗಿ ಹುಟ್ಟುತ್ತದೆ. ಕೆಲವು ಮಾನಸಿಕ ಕಾಯಿಲೆಗಳಿಗೆ ಕೊಡುವ ಅರಿಪಿಪ್ರಜೋಲ್ ಬಗ್ಗೆಯೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಇಂಥದ್ದೇ ಎಚ್ಚರಿಕೆ ಕೊಟ್ಟಿದೆ. ಮಾತ್ರೆ ಶುರು ಮಾಡಿದ ಮೇಲೆ ಅಥವಾ ಪ್ರಮಾಣ ಜಾಸ್ತಿ ಮಾಡಿದ ಮೇಲೆ ಸೆಳೆತ ಬಂದಿದ್ದರೆ ಯಾವ ನಂಬಿಕೆಯನ್ನೂ ಪರೀಕ್ಷಿಸುತ್ತಾ ಕೂರಬೇಡಿ, ಮೊದಲು ವೈದ್ಯರಿಗೆ ತಿಳಿಸಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಮೊದಲ ಸಲ ಮನಶ್ಶಾಸ್ತ್ರಜ್ಞರ ಹತ್ತಿರ ಹೋಗುವಾಗ ನೋಟ್ ಬುಕ್ ತೆಗೆದುಕೊಂಡು ಹೋಗಿ. ಬಾಯಲ್ಲಿ ಹೇಳಲು ನಾಚಿಕೆ ಆಗುವುದನ್ನು ಆ ಪುಟಗಳನ್ನು ತೋರಿಸಿ ಹೇಳಬಹುದು. ಎಷ್ಟು ದುಡ್ಡು ಹೋಯಿತು ಅನ್ನುವುದಕ್ಕಿಂತ ಮುಂಚೆ ಆ ನಲವತ್ತು ನಿಮಿಷದ ಪುಟ ತೋರಿಸಿ. ಅವರು ಕೆಲಸ ಶುರು ಮಾಡುವುದು ಅಲ್ಲಿಂದಲೇ.